ಬಿಎ ರಾಜ್ಯಶಾಸ್ತ್ರ: ಒಂದೇ ಪಾಠಕ್ಕೆ ಎರಡು ಸಲ ದುಡ್ಡು ಯಾಕೆ?

ಹಾವೇರಿ: ದ್ವಿತೀಯ ಪಿಯು ಫಲಿತಾಂಶ ಬಂದ ಮರುವಾರ ಜಿಲ್ಲೆಯ ಯಾವ ತಾಲೂಕಿನ ಬಸ್ ಸ್ಟ್ಯಾಂಡ್ ಕಡೆ ಹೋದರೂ ಒಂದೇ ನೋಟ. ಝೆರಾಕ್ಸ್ ಅಂಗಡಿ, ಆನ್‌ಲೈನ್ ಸೆಂಟರ್ ಮುಂದೆ ಹುಡುಗ ಹುಡುಗಿಯರ ಸಾಲು. ಕೈಯಲ್ಲಿ ಪ್ಲಾಸ್ಟಿಕ್ ಕವರ್, ಅದರೊಳಗೆ ಅಂಕಪಟ್ಟಿ, ಜಾತಿ-ಆದಾಯ ಪ್ರಮಾಣಪತ್ರ, ಆಧಾರ್, ಫೋಟೋ. ಪದವಿ ಪ್ರವೇಶದ ಯುಯುಸಿಎಂಎಸ್ ಪೋರ್ಟಲ್‌ನಲ್ಲಿ ಹೆಸರು, ನಂಬರ್ ಎಲ್ಲ ತುಂಬಿದ ಮೇಲೆ ಕಂಪ್ಯೂಟರ್ ಮುಂದೆ ಕೂತವರು ಕೇಳ್ತಾರೆ: "ಕಾಂಬಿನೇಶನ್ ಯಾವ್ದು ಹಾಕ್ಲಿ?" ಬಿಎಗೆ ಬಂದವರಲ್ಲಿ ಹೆಚ್ಚಿನವರ ಉತ್ತರ, "ಯಾವ್ದಾರ ಹಾಕ್ರಿ ಅಣ್ಣಾರ, ಹೆಚ್‌ಇಪಿ ಐತೇನು?"

ಅರ್ಜಿ ತುಂಬೋದು ಹತ್ತು ನಿಮಿಷ. ಅದರ ಪರಿಣಾಮ ಮೂರು ವರ್ಷ, ಕೆಲವರಿಗೆ ಇನ್ನೂ ಹೆಚ್ಚು. ಹೆಚ್‌ಇಪಿ ಅಂದರೆ ಇತಿಹಾಸ, ಅರ್ಥಶಾಸ್ತ್ರ, ರಾಜ್ಯಶಾಸ್ತ್ರ. ಇದರಲ್ಲಿ ರಾಜ್ಯಶಾಸ್ತ್ರ ಯಾಕೆ ಬೇಕು, ಅದರ ಜೊತೆ ಇನ್ನೆರಡು ವಿಷಯ ಯಾವುದಿರಬೇಕು, ಮೂರನೇ ವರ್ಷ ಮುಗಿದ ದಿನ ಯಾವ ಬಸ್ಸು ಹತ್ತಬೇಕು ಅನ್ನೋದನ್ನು ಮನೆಯಲ್ಲಿ ಕೂತು ಮಾತಾಡಿದವರು ಕಡಿಮೆ. ಎಂಜಿನಿಯರಿಂಗ್, ನರ್ಸಿಂಗ್ ಸೀಟಿಗೆ ಅಪ್ಪ, ಕಾಕಾ, ಮಾವ ಎಲ್ಲ ಸೇರಿ ತಿಂಗಳುಗಟ್ಟಲೆ ಚರ್ಚೆ ಮಾಡ್ತಾರೆ. ಬಿಎಗೆ ಮಾತ್ರ ಆನ್‌ಲೈನ್ ಸೆಂಟರಿನವರೇ ಸಲಹೆಗಾರರು. ಅವರದ್ದೇನೂ ತಪ್ಪಿಲ್ಲ. ಹಿಂದೆ ಸಾಲು ಬೆಳೆದಿರುತ್ತದೆ, ಕೇಳಿದ್ದನ್ನು ಹಾಕಿ ಪ್ರಿಂಟ್ ಕೊಡ್ತಾರೆ.

ಅಂಗಡಿ ಕಟ್ಟೆ ಮೇಲಿನ ಮಾತು ಬೇರೆ. "ಬಿಎ ಮಾಡಿ ಏನ್ ಮಾಡ್ತಾನಪಾ, ಬಿಕಾಂ ಹಾಕು, ಲೆಕ್ಕನಾದ್ರೂ ಬರೀತಾನ" ಅನ್ನೋದು ವ್ಯಾಪಾರಸ್ಥರ ನೇರ ತೀರ್ಪು. ಅದರಲ್ಲಿ ಅರ್ಧ ಸತ್ಯ ಇದೆ. ರಾಜ್ಯಶಾಸ್ತ್ರದ ಪದವಿ ಹಿಡಿದು ಹೋದರೆ ಆ ಪದವಿಗೇ ಅಂತ ಕಾದಿಟ್ಟ ನೌಕರಿ ಯಾವುದೂ ಇಲ್ಲ. ಉಳಿದ ಅರ್ಧ ಏನಂದರೆ, ಈ ಜಿಲ್ಲೆಯ ಹುಡುಗರು ಪದವಿ ಆದ ಮೇಲೆ ನೌಕರಿಗಾಗಿ ಓದೋದರಲ್ಲಿ ದೊಡ್ಡ ಪಾಲು ಇದೇ ರಾಜ್ಯಶಾಸ್ತ್ರ. ಕಾಲೇಜಿನಲ್ಲಿ ಕಡಿಮೆ ಖರ್ಚಿಗೆ ಸಿಗುವಾಗ ಬಿಟ್ಟಿದ್ದನ್ನು ಆಮೇಲೆ ಧಾರವಾಡಕ್ಕೆ ಹೋಗಿ ದುಡ್ಡು ಕೊಟ್ಟು ಓದುತ್ತಾರೆ, ಅಷ್ಟೇ.

ಧಾರವಾಡದ ಬಿಲ್ಲು

ಸಪ್ತಾಪುರದ ಸುತ್ತಮುತ್ತ ಹೋದರೆ ಲೆಕ್ಕ ಕಣ್ಣಿಗೆ ಕಾಣುತ್ತದೆ. ರೂಮ್ ಬಾಡಿಗೆ, ಖಾನಾವಳಿ ತಿಂಗಳ ಚೀಟಿ, ಕೋಚಿಂಗ್ ಫೀ, ದುಡ್ಡು ಕೊಟ್ಟು ಕೂರುವ ರೀಡಿಂಗ್ ರೂಮು. ಹಾವೇರಿ, ಗದಗ, ಬೆಳಗಾವಿ, ಬಾಗಲಕೋಟೆ ಕಡೆಯ ಸಾವಿರಾರು ಪದವೀಧರರು ಅಲ್ಲಿ ವರ್ಷಗಟ್ಟಲೆ ಇರ್ತಾರೆ. ಪಿಎಸ್‌ಐ, ಪಿಡಿಒ, ಎಫ್‌ಡಿಎ, ಎಸ್‌ಡಿಎ, ಕೆಎಎಸ್ ಯಾವುದಕ್ಕೇ ಕೂತರೂ ಕೋಚಿಂಗ್‌ನಲ್ಲಿ ಆರಂಭದಲ್ಲೇ ಬರೋದು ಸಂವಿಧಾನ. ಪ್ರಸ್ತಾವನೆ, ಮೂಲಭೂತ ಹಕ್ಕು, ರಾಜ್ಯ ನಿರ್ದೇಶಕ ತತ್ವ, ರಾಷ್ಟ್ರಪತಿ, ರಾಜ್ಯಪಾಲ, ಸಂಸತ್ತು, 73 ಮತ್ತು 74ನೇ ತಿದ್ದುಪಡಿ. ಎಲ್ಲರ ಟೇಬಲ್ ಮೇಲೂ ಎಂ. ಲಕ್ಷ್ಮೀಕಾಂತ್ ಅವರ 'ಇಂಡಿಯನ್ ಪಾಲಿಟಿ', ಇಲ್ಲವೇ ಅದೇ ದಾರಿಯಲ್ಲಿ ಕನ್ನಡದಲ್ಲಿ ಬಂದ ಯಾವುದೋ ಪುಸ್ತಕ.

ಇದು ಬಿಎ ರಾಜ್ಯಶಾಸ್ತ್ರದ ಪಠ್ಯದಲ್ಲಿ ಇರೋದೇ. ತಾಲೂಕಿನ ಸರ್ಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಭಾರತ ಸಂವಿಧಾನ, ಸ್ಥಳೀಯ ಆಡಳಿತ, ಸಾರ್ವಜನಿಕ ಆಡಳಿತ, ಅಂತಾರಾಷ್ಟ್ರೀಯ ಸಂಬಂಧ ಎಲ್ಲ ಸೆಮಿಸ್ಟರ್‌ಗಳಲ್ಲಿ ಹಂಚಿಹೋಗಿರುತ್ತದೆ. ಹುಡುಗ ಅದನ್ನು ಗೈಡ್ ನೋಡಿ ಪರೀಕ್ಷೆಗೆ ಮೂರು ದಿನ ಇರೋವಾಗ ಓದಿ, ಪಾಸಾಗಿ, ಮರೆತು, 22ನೇ ವಯಸ್ಸಿಗೆ ಅದನ್ನೇ ಒಂದನೇ ಪುಟದಿಂದ ಶುರು ಮಾಡ್ತಾನೆ. ಒಂದೇ ಮಾಲನ್ನು ಎರಡು ಸಲ ಕೊಂಡಂಗಾಯ್ತು. ಮೊದಲ ಸಲ ಕೊಂಡದ್ದನ್ನು ಗೋಡೌನಿನಲ್ಲಿ ಇಟ್ಟು ಹುಳ ಹಿಡಿಸಿದ್ದು, ಎರಡನೇ ಸಲ ತಂದದ್ದು ಹೆಚ್ಚಿನ ರೇಟಿಗೆ. ಬ್ಯಾಡಗಿ ಮಾರ್ಕೆಟ್ಟಿನಲ್ಲಿ ಯಾರೂ ಹಿಂಗ್ ವ್ಯಾಪಾರ ಮಾಡಲ್ಲ. ಮಕ್ಕಳ ಪದವಿ ವಿಚಾರದಲ್ಲಿ ಮಾತ್ರ ಮಾಡ್ತೀವಿ.

ಹಂಗಂತ ರಾಜ್ಯಶಾಸ್ತ್ರ ಬರೀ ಪರೀಕ್ಷೆ ಸಾಮಗ್ರಿ ಅಲ್ಲ. ರಾಜ್ಯ ಅಂದರೇನು, ಅಧಿಕಾರ ಯಾರಿಗೆ ಎಲ್ಲಿಂದ ಬರುತ್ತದೆ, ಜನ ಯಾಕೆ ಅದಕ್ಕೆ ತಲೆಬಾಗ್ತಾರೆ, ಪ್ಲೇಟೋ, ಅರಿಸ್ಟಾಟಲ್, ಕೌಟಿಲ್ಯ, ಗಾಂಧಿ, ಅಂಬೇಡ್ಕರ್ ಇದಕ್ಕೆ ಏನಂದರು ಅನ್ನೋ ಭಾಗ ಎಷ್ಟೋ ಹುಡುಗರಿಗೆ ಮೊದಲ ಸೆಮಿಸ್ಟರ್‌ನಲ್ಲೇ ಬೇಜಾರು ತರಿಸುತ್ತದೆ. 'ಪಾಲಿಟಿಕ್ಸ್ ಅಂದ್ರ ಎಲೆಕ್ಷನ್ ಇರ್ತೈತಿ ಅಂತ ಬಂದ್ವಿ, ಇಲ್ಲಿ ಪ್ಲೇಟೋ ಐತಿ' ಅಂತ ಗೊಣಗೋದು ಮಾಮೂಲು. ಮೊದಲೇ ಗೊತ್ತಿರಲಿ. ಈ ವಿಷಯ ಟಿವಿ ಚರ್ಚೆ ಅಲ್ಲ. ಓದೋದು, ಬರೆಯೋದು ಜಾಸ್ತಿ. ಅದು ಆಗಲ್ಲ ಅನ್ನೋರು ಬೇರೆ ವಿಷಯ ನೋಡೋದು ಒಳ್ಳೇದು, ಅದರಲ್ಲಿ ಅವಮಾನ ಏನಿಲ್ಲ.

ಅಣ್ಣನ ನಿಯಮ ತಮ್ಮನಿಗಿಲ್ಲ

ಮೊದಲೆಲ್ಲ ಅಣ್ಣನೋ ಅಕ್ಕನೋ ಬಿಎ ಮಾಡಿದ್ದರೆ ತಮ್ಮನಿಗೆ ಅವರೇ ದಾರಿ ತೋರಿಸೋರು. ಈಗ ಅದೂ ನಡೆಯುತ್ತಿಲ್ಲ. 2021-22ರಲ್ಲಿ ಕರ್ನಾಟಕ ದೇಶದಲ್ಲೇ ಮೊದಲು ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಪದವಿಗೆ ತಂದಿತು. ನಾಲ್ಕು ವರ್ಷದ ಆನರ್ಸ್, ಮೂರರ ಬದಲು ಎರಡು ಮುಖ್ಯ ವಿಷಯ, ಮುಕ್ತ ಐಚ್ಛಿಕ, ಕೌಶಲ್ಯದ ಪತ್ರಿಕೆ, ಹೀಗೆ. 2023ರಲ್ಲಿ ಸರ್ಕಾರ ಬದಲಾಯಿತು. ಪ್ರೊ. ಸುಖದೇವ್ ಥೋರಟ್ ನೇತೃತ್ವದ ರಾಜ್ಯ ಶಿಕ್ಷಣ ನೀತಿ ಆಯೋಗದ ಮಧ್ಯಂತರ ವರದಿ ಆಧರಿಸಿ 2024ರ ಮೇ ತಿಂಗಳಲ್ಲಿ ಆದೇಶ ಬಂತು. 2024-25ರಿಂದ ಮತ್ತೆ ಮೂರು ವರ್ಷದ ಪದವಿ, ಮತ್ತೆ ಮೂರು ವಿಷಯದ ಕಾಂಬಿನೇಶನ್. ಆಯೋಗದ ಅಂತಿಮ ವರದಿ 2025ರ ಆಗಸ್ಟ್‌ನಲ್ಲಿ ಮುಖ್ಯಮಂತ್ರಿಗಳ ಕೈ ಸೇರಿದೆ.

ಅಂದರೆ 2020ರಲ್ಲಿ ಸೇರಿದ ಅಕ್ಕ, 2022ರಲ್ಲಿ ಸೇರಿದ ಅಣ್ಣ, 2024ರಲ್ಲಿ ಸೇರಿದ ತಮ್ಮ ಮೂವರೂ ಒಂದೇ ಕಾಲೇಜಿನಲ್ಲಿ ಬಿಎ ಓದಿದರೂ ಮೂವರ ನಿಯಮ ಬೇರೆ ಬೇರೆ. ಎರಡು ವಿಷಯದ ಕಾಲದಲ್ಲಿ ಓದಿದವನು ಕೊಡುವ ಸಲಹೆ ಮೂರು ವಿಷಯದ ಕಾಲಕ್ಕೆ ಹೊಂದಲ್ಲ. ಯಾವ ಪದ್ಧತಿ ಒಳ್ಳೇದು ಅನ್ನೋ ವಾದ ಬೆಂಗಳೂರಿನಲ್ಲಿ ನಡೆಯಲಿ. ಇಲ್ಲಿಯ ತೊಂದರೆ ಏನಂದರೆ ಎರಡೂ ಕಡೆಯ ಸರ್ಕಾರಗಳು ಪದವಿಯನ್ನು ತಮ್ಮ ತಮ್ಮ ಬಾವುಟ ಮಾಡಿಕೊಂಡವು, ನಾಲ್ಕನೇ ವರ್ಷ ನಡೆಸಲು ತಾಲೂಕು ಕಾಲೇಜಿನಲ್ಲಿ ಕೊಠಡಿ, ಉಪನ್ಯಾಸಕರು ಇದ್ದಾರಾ ಅಂತ ಕೇಳುವ ಹೊತ್ತಿಗೆ ನೀತಿಯೇ ಹೋಯಿತು.

ವಿಶ್ವವಿದ್ಯಾಲಯದ ಕಥೆಯೂ ಹಂಗೇ. ಜಿಲ್ಲೆಯ ಕಾಲೇಜುಗಳು ದಶಕಗಳ ಕಾಲ ಧಾರವಾಡದ ಕರ್ನಾಟಕ ವಿವಿ ಅಡಿ ಇದ್ದವು. 2023ರಲ್ಲಿ ಹೊಸದಾಗಿ ಬಂದ ಏಳು ವಿವಿಗಳಲ್ಲಿ ಹಾವೇರಿ ವಿವಿಯೂ ಒಂದು. ಕೆರಿಮತ್ತಿಹಳ್ಳಿಯ ಸ್ನಾತಕೋತ್ತರ ಕೇಂದ್ರವೇ ವಿವಿ ಆಯಿತು. ಎರಡೇ ವರ್ಷದಲ್ಲಿ, 2025ರ ಫೆಬ್ರುವರಿಯಲ್ಲಿ, ಹೊಸ ವಿವಿಗಳಲ್ಲಿ ಬೀದರ್ ಒಂದನ್ನು ಬಿಟ್ಟು ಒಂಬತ್ತನ್ನು ಮುಂದುವರಿಸೋದು ಬೇಡ ಅಂತ ಸಂಪುಟ ಉಪಸಮಿತಿ ಅಭಿಪ್ರಾಯಪಟ್ಟಿತು. ಆ ಒಂಬತ್ತರಲ್ಲಿ ಹಾವೇರಿಯೂ ಇತ್ತು. ವಿದ್ಯಾರ್ಥಿ ಸಂಘಟನೆಗಳು ಬೀದಿಗಿಳಿದವು. ವಿವಿ ಹೆಸರು ಯಾವುದೇ ಇರಲಿ, ಕಾನೂನು ಪ್ರಕಾರ ಸ್ಥಾಪನೆಯಾದ ವಿವಿ ಕೊಟ್ಟ ಪದವಿಗೆ ಬೆಲೆ ಹೋಗಲ್ಲ, ಅದಕ್ಕೆ ಹೆದರಬೇಕಿಲ್ಲ. ಹೆದರಬೇಕಾದ್ದು ಜಿಲ್ಲೆಯೊಳಗೇ ಎಂಎ ಸಿಗುತ್ತದೋ ಇಲ್ಲವೋ ಅನ್ನೋದಕ್ಕೆ. ಮಗಳನ್ನು ಧಾರವಾಡದ ಹಾಸ್ಟೆಲ್‌ನಲ್ಲಿ ಬಿಡಲು ಒಪ್ಪದ ಮನೆಗಳಿಗೆ ಹಾವೇರಿಯಲ್ಲಿ ಎಂಎ ಇರೋದು, ಇಲ್ಲದಿರೋದು ಓದು ಮುಂದುವರಿಯುತ್ತದೋ ನಿಲ್ಲುತ್ತದೋ ಅನ್ನೋ ಪ್ರಶ್ನೆ.

ಎರಡು ಜೊತೆ ವಿಷಯಗಳ ಆಟ

ಈಗ ಕಾಂಬಿನೇಶನ್‌ಗೆ ಬರೋಣ. ರಾಜ್ಯಶಾಸ್ತ್ರ ಒಂದು ಅಂತ ತೀರ್ಮಾನ ಆದರೆ ಉಳಿದ ಎರಡನ್ನು ಮುಂದಿನ ದಾರಿ ನೋಡಿ ಆರಿಸಬೇಕು.

ಶಿಕ್ಷಕರಾಗುವ ಆಸೆ ಇದ್ದರೆ ಇದು ಬಹಳ ಮುಖ್ಯ. ಬಿ.ಎಡ್‌ಗೆ ಅರ್ಜಿ ಹಾಕುವಾಗ ಪದವಿಯಲ್ಲಿ ಓದಿದ ವಿಷಯಗಳು ಶಾಲೆಯಲ್ಲಿ ಪಾಠ ಮಾಡುವ ವಿಷಯಗಳಿಗೆ ಹೊಂದಬೇಕು. ರಾಜ್ಯಶಾಸ್ತ್ರ, ಇತಿಹಾಸ, ಅರ್ಥಶಾಸ್ತ್ರ, ಭೂಗೋಳ ಸಮಾಜ ವಿಜ್ಞಾನದ ಕಡೆ ಹೋಗುತ್ತವೆ. ಜೊತೆಗೆ ಐಚ್ಛಿಕ ಕನ್ನಡವನ್ನೋ ಇಂಗ್ಲಿಷನ್ನೋ ತಗೊಂಡಿದ್ದರೆ ಭಾಷಾ ಶಿಕ್ಷಕರ ಬಾಗಿಲೂ ತೆರೆದಿರುತ್ತದೆ. ಶಾಲೆಯಲ್ಲಿ ಇಲ್ಲದ ವಿಷಯಗಳನ್ನು ಜೊತೆಗೆ ಹಾಕಿಕೊಂಡವರು ಮೂರನೇ ವರ್ಷ ಮುಗಿದ ಮೇಲೆ ಬಿ.ಎಡ್ ಅರ್ಜಿ ಹಾಕುವಾಗ ತಲೆ ಮೇಲೆ ಕೈ ಹೊತ್ತುಕೊಳ್ತಾರೆ. ನೇಮಕಾತಿ ಅಧಿಸೂಚನೆಯಲ್ಲಿ ಯಾವ ಹುದ್ದೆಗೆ ಯಾವ ವಿಷಯ ಬೇಕು ಅಂತ ಸ್ಪಷ್ಟವಾಗಿ ಬರೆದಿರುತ್ತಾರೆ. ಹಳೆಯ ಅಧಿಸೂಚನೆಯೊಂದನ್ನು ಪದವಿಗೆ ಸೇರುವ ಮೊದಲೇ ತೆಗೆದು ಓದಿದರೆ ಸಾಕು. ಇದನ್ನು ಮಾಡುವವರು ನೂರಕ್ಕೆ ಐದು ಜನ ಇದ್ದರೆ ಹೆಚ್ಚು.

ಉಪನ್ಯಾಸಕರಾಗಬೇಕು ಅನ್ನೋರಿಗೆ ದಾರಿ ಉದ್ದ. ಎಂಎಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 55 ಅಂಕ, ಪಿಯು ಉಪನ್ಯಾಸಕ ಹುದ್ದೆಗೆ ಅದರ ಜೊತೆ ಬಿ.ಎಡ್, ಪದವಿ ಕಾಲೇಜಿಗೆ ನೆಟ್ ಅಥವಾ ಕೆ-ಸೆಟ್. ಲೆಕ್ಕ ಹಾಕಿದರೆ 18ಕ್ಕೆ ಸೇರಿದವರು 23ಕ್ಕೆ ಎಂಎ, 25ಕ್ಕೆ ಬಿ.ಎಡ್. ಅಲ್ಲಿವರೆಗೆ ಮನೆ ನಡೆಯಬೇಕು. ಮನೆಯ ಪರಿಸ್ಥಿತಿ ಅಷ್ಟು ವರ್ಷ ತಾಳಲ್ಲ ಅನ್ನೋದಾದರೆ ಮೊದಲು ಬಿ.ಎಡ್ ಮುಗಿಸಿ, ಕೆಲಸ ಮಾಡ್ತಾ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿವಿಯಲ್ಲಿ ಎಂಎ ಕಟ್ಟುವ ದಾರಿ ಇದೆ. ಅದಕ್ಕೂ ರಾಜ್ಯಶಾಸ್ತ್ರ ಪದವಿಯಲ್ಲಿ ಓದಿದ್ದರೆ ಅನುಕೂಲ.

ವಕೀಲಿ ಕಡೆ ಹೋಗೋರಿಗೆ ಯಾವ ಪದವಿಯಾದರೂ ನಡೆಯುತ್ತದೆ. ಮೂರು ವರ್ಷದ ಎಲ್‌ಎಲ್‌ಬಿಗೆ ಪದವಿಯಲ್ಲಿ ಸಾಮಾನ್ಯ ವರ್ಗಕ್ಕೆ ಶೇ. 45, ಹಿಂದುಳಿದ ವರ್ಗಕ್ಕೆ 42, ಎಸ್‌ಸಿ, ಎಸ್‌ಟಿಗೆ 40 ಬೇಕು ಅಂತ ಭಾರತೀಯ ವಕೀಲರ ಪರಿಷತ್ತಿನ ನಿಯಮ. 'ಪಾಸಾದ್ರ ಸಾಕು' ಅಂತ 38 ಪರ್ಸೆಂಟಿಗೆ ಪದವಿ ಮುಗಿಸಿದವರಿಗೆ ಈ ಬಾಗಿಲು ಮುಚ್ಚಿಹೋಗುತ್ತದೆ. ಸಂವಿಧಾನ ಓದಿಕೊಂಡು ಬಂದವರಿಗೆ ಕಾನೂನಿನ ಮೊದಲ ವರ್ಷ ಹೊಸದು ಅನ್ನಿಸಲ್ಲ.

ಇನ್ನು ಕೆಎಎಸ್, ಐಎಎಸ್. ಇಲ್ಲೊಂದು ಹಳೇ ನಂಬಿಕೆ ಇನ್ನೂ ಓಡಾಡುತ್ತಿದೆ: 'ಕೆಎಎಸ್‌ಗೆ ಐಚ್ಛಿಕ ವಿಷಯ ಅಂತ ರಾಜ್ಯಶಾಸ್ತ್ರ ಬೇಕೇಬೇಕು.' ಕೆಪಿಎಸ್‌ಸಿ ಮುಖ್ಯ ಪರೀಕ್ಷೆಯಲ್ಲಿ ಈಗ ಐಚ್ಛಿಕ ವಿಷಯವೇ ಇಲ್ಲ, ಪ್ರಬಂಧ ಮತ್ತು ಸಾಮಾನ್ಯ ಅಧ್ಯಯನದ ಪತ್ರಿಕೆಗಳು. ಯುಪಿಎಸ್‌ಸಿಯಲ್ಲಿ ಮಾತ್ರ ಐಚ್ಛಿಕ ಇದೆ, ಲಿಖಿತ ಪರೀಕ್ಷೆಯ 1,750 ಅಂಕದಲ್ಲಿ 500 ಅದಕ್ಕೆ. ಅಲ್ಲಿ ರಾಜ್ಯಶಾಸ್ತ್ರ ಮತ್ತು ಅಂತಾರಾಷ್ಟ್ರೀಯ ಸಂಬಂಧ ಬಹಳ ಜನ ಆರಿಸುವ ವಿಷಯ. ಎರಡೂ ಕಡೆ ಬೇಕಾದ್ದು ಒಂದು ಪ್ರಶ್ನೆಗೆ ಎರಡು ಪುಟ ಕ್ರಮವಾಗಿ ಬರೆಯೋ ಅಭ್ಯಾಸ. ಅದನ್ನು ಕೋಚಿಂಗ್‌ನಲ್ಲಿ ಆರು ತಿಂಗಳಲ್ಲಿ ಕಲಿಸಲಾಗಲ್ಲ. ಬಿಎಯ ಮೂರು ವರ್ಷದಲ್ಲಿ ಬರೆದು ಬರೆದು ಬರಬೇಕು.

ಇಂಗ್ಲಿಷ್ ಅನ್ನೋ ಗೋಡೆ

ಕನ್ನಡ ಮಾಧ್ಯಮದಲ್ಲಿ ಬಿಎ ಓದೋದರಲ್ಲಿ ಕಡಿಮೆ ಏನಿಲ್ಲ. ಅರ್ಥ ಆಗಿ ಓದೋದು ಮುಖ್ಯ. ಆದರೆ ಗೋಡೆ ಎಲ್ಲಿದೆ ಅನ್ನೋದು ಮೊದಲೇ ಗೊತ್ತಿರಬೇಕು. ಯುಪಿಎಸ್‌ಸಿ ಮುಖ್ಯ ಪರೀಕ್ಷೆಗೆ ಕನ್ನಡದಲ್ಲಿ ಉತ್ತರ ಬರೆಯಬಹುದು, ಪ್ರಶ್ನೆಪತ್ರಿಕೆ ಮಾತ್ರ ಇಂಗ್ಲಿಷ್, ಹಿಂದಿಯಲ್ಲಿ. ಯುಜಿಸಿ ನೆಟ್‌ನ ರಾಜ್ಯಶಾಸ್ತ್ರ ಪತ್ರಿಕೆಯೂ ಹಾಗೇ.

ರಾಜ್ಯದ ಪರೀಕ್ಷೆಗಳಲ್ಲಿ ಕನ್ನಡ ಪ್ರಶ್ನೆ ಇರುತ್ತದೆ ಅಂತ ನೆಮ್ಮದಿಯಿಂದ ಇರೋಣ ಅಂದರೆ 2024ರ ಅನುಭವ ಕಣ್ಣ ಮುಂದಿದೆ. 384 ಗೆಜೆಟೆಡ್ ಪ್ರೊಬೇಷನರ್ ಹುದ್ದೆಗಳಿಗೆ ಆಗಸ್ಟ್ 27ರಂದು ಪೂರ್ವಭಾವಿ ಪರೀಕ್ಷೆ ಆಯಿತು. ಕನ್ನಡ ಅನುವಾದ ಎಷ್ಟು ಕೆಟ್ಟಿತ್ತೆಂದರೆ ಸರ್ಕಾರ ಮರುಪರೀಕ್ಷೆಗೆ ಹೇಳಬೇಕಾಯಿತು. ಡಿಸೆಂಬರ್ 29ರ ಮರುಪರೀಕ್ಷೆಯಲ್ಲೂ ತಪ್ಪುಗಳ ದೂರು ಬಂತು. ಕನ್ನಡದ ನೆಲದಲ್ಲಿ ಕನ್ನಡದ ಹುಡುಗರಿಗೆ ಆದ ಅನ್ಯಾಯ ಇದು, ಅದಕ್ಕೆ ಹೋರಾಟ ಆಗಲೇಬೇಕು. ಹೋರಾಟ ಗೆಲ್ಲುವವರೆಗೆ ಪರೀಕ್ಷಾ ಹಾಲಿನಲ್ಲಿ ಕೂತವನಿಗೆ ಪಕ್ಕದ ಇಂಗ್ಲಿಷ್ ಸಾಲು ಓದಿ ಅರ್ಥ ಮಾಡಿಕೊಳ್ಳೋಕೆ ಬಂದರೆ ಅವನು ಬಚಾವ್. ದಿನಕ್ಕೆ ಒಂದು ಇಂಗ್ಲಿಷ್ ಸಂಪಾದಕೀಯ, ಡಿಕ್ಷನರಿ ಇಟ್ಟುಕೊಂಡು, ಮೂರು ವರ್ಷ. ಇಷ್ಟೇ ಬೇಕಿರೋದು, ಇದಕ್ಕೆ ಸ್ಪೋಕನ್ ಇಂಗ್ಲಿಷ್ ಕ್ಲಾಸಿನ ಫೀ ಬೇಡ.

ಪಾಠ ಮಾಡೋರು ಯಾರು?

ಸರ್ಕಾರಿ ಕಾಲೇಜುಗಳ ಮೇಲೆ ಅತಿಥಿ ಉಪನ್ಯಾಸಕರ ಸಮಸ್ಯೆಯ ಭಾರ ಇದೆ. 2023ರ ಕೊನೆಯಲ್ಲಿ ಸೇವೆ ಕಾಯಂ ಮಾಡಿ ಅಂತ ಅವರು ತರಗತಿ ಬಿಟ್ಟು ಮುಷ್ಕರಕ್ಕೆ ಕೂತಾಗ ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಪಾಠ ನಿಂತೇಹೋಯಿತು. ಆಮೇಲೆ ಸರ್ಕಾರ ಗೌರವಧನ ಹೆಚ್ಚಿಸಿತು, ಕಾಯಂ ಪ್ರಶ್ನೆ ಹಾಗೇ ಉಳಿಯಿತು. ಅವರಲ್ಲಿ ಒಳ್ಳೆಯ ಮೇಷ್ಟ್ರುಗಳು ಬೇಕಾದಷ್ಟು ಜನ ಇದ್ದಾರೆ. ಸಮಸ್ಯೆ ಅವರದ್ದಲ್ಲ, ಅವರ ನೇಮಕ ತಡವಾದರೆ ಸೆಮಿಸ್ಟರ್‌ನ ಮೊದಲ ವಾರಗಳು ಖಾಲಿ ಹೋಗೋದು.

ಪ್ರವೇಶಕ್ಕೆ ಹೋದಾಗ ಜನ ಕೇಳೋದು 'ಫೀ ಎಷ್ಟ್ರೀ?' ಅಂತ. ಅದರ ಜೊತೆಗೆ 'ರಾಜ್ಯಶಾಸ್ತ್ರಕ್ಕೆ ಎಷ್ಟು ಜನ ಉಪನ್ಯಾಸಕರು, ಕಾಯಂ ಯಾರಾದ್ರೂ ಇದ್ದಾರಾ? ಹೋದ ವರ್ಷ ಈ ಕಾಂಬಿನೇಶನ್‌ಗೆ ಎಷ್ಟು ಮಂದಿ ಸೇರಿದ್ರು?' ಅಂತ ಕೇಳಬೇಕು. ಸೇರೋರು ತೀರಾ ಕಡಿಮೆ ಆದರೆ ಕಾಂಬಿನೇಶನ್ ಮುಚ್ಚುವ ಭಯ ಇರುತ್ತದೆ. ಕಲಾ ವಿಭಾಗಕ್ಕೆ ಬರುವ ದಾರಿಯೇ ಸಣ್ಣದಾಗುತ್ತಿದೆ. 2025ರ ದ್ವಿತೀಯ ಪಿಯು ಪರೀಕ್ಷೆ-1ರಲ್ಲಿ ವಿಜ್ಞಾನದಲ್ಲಿ ಶೇ. 82 ದಾಟಿ ಪಾಸಾದರೆ ಕಲಾ ವಿಭಾಗದಲ್ಲಿ 53ರ ಆಸುಪಾಸು. ಆಮೇಲೆ ಮರುಪರೀಕ್ಷೆ ಬರೆದು ಪಾಸಾಗಿ ಬರುವವರು ತಡವಾಗಿ ಕಾಲೇಜಿಗೆ ಬರ್ತಾರೆ, ಆಗ ಉಳಿದಿದ್ದೇ ಅವರ ಕಾಂಬಿನೇಶನ್.

ನೌಕರಿ ನಿಂತಾಗ

ಪಕ್ಕಾ ಯೋಜನೆ ಮಾಡಿದವರೂ ಸಿಕ್ಕಿಬೀಳೋ ಜಾಗ ಒಂದಿದೆ. ಪರಿಶಿಷ್ಟ ಜಾತಿ ಒಳಮೀಸಲಾತಿ ತೀರ್ಮಾನ ಆಗುವವರೆಗೆ ಹೊಸ ನೇಮಕಾತಿ ಅಧಿಸೂಚನೆ ಬೇಡ ಅಂತ 2024ರ ಅಕ್ಟೋಬರ್‌ನಲ್ಲಿ ಸಚಿವ ಸಂಪುಟ ನಿರ್ಧರಿಸಿತು. ನ್ಯಾ. ನಾಗಮೋಹನ್‌ದಾಸ್ ಆಯೋಗದ ವರದಿ ಬಂದು, 2025ರ ಆಗಸ್ಟ್‌ನಲ್ಲಿ 6-6-5ರ ಹಂಚಿಕೆಗೆ ಸಂಪುಟ ಒಪ್ಪುವವರೆಗೆ ಹತ್ತು ತಿಂಗಳು. ದಶಕಗಳಿಂದ ಕೇಳುತ್ತಿದ್ದ ನ್ಯಾಯದ ಬೇಡಿಕೆ ಅದು, ತೀರ್ಮಾನ ಆಗಬೇಕಿತ್ತು. ಆದರೆ ಆ ಹತ್ತು ತಿಂಗಳ ರೂಮ್ ಬಾಡಿಗೆ ಕಟ್ಟಿದವರು ಎಲ್ಲ ಜಾತಿಯ ಬಡ ಮನೆಗಳ ಅಪ್ಪಂದಿರು. ವಯೋಮಿತಿ ಹತ್ತಿರ ಬಂದವರು ಧಾರವಾಡದಲ್ಲಿ ರಸ್ತೆಗಿಳಿದರು.

ಹಾವೇರಿ ಹುಡುಗರಿಗೆ ಇನ್ನೊಂದು ಲೆಕ್ಕ. ತುಂಗಭದ್ರೆ ದಾಟಿದರೆ ಆಚೆ ದಡದ ಹಡಗಲಿ, ಹರಪನಹಳ್ಳಿಯವರಿಗೆ 371(ಜೆ) ಅಡಿ ಕಲ್ಯಾಣ ಕರ್ನಾಟಕದ ಮೀಸಲು ಇದೆ. ಈ ದಡದವರಿಗಿಲ್ಲ. ಅದೇ ಮಳೆ, ಅದೇ ಮೆಕ್ಕೆಜೋಳ, ಹುದ್ದೆಯ ಪಟ್ಟಿ ಮಾತ್ರ ಬೇರೆ. ಹೀಗಾಗಿ ಒಂದೇ ಪರೀಕ್ಷೆ ನಂಬಿ ಕೂರೋದು ಜೂಜು. ಬಿ.ಎಡ್ಡೋ, ಎಲ್‌ಎಲ್‌ಬಿಯೋ, ಮನೆಯ ಅಂಗಡಿಯೋ ಒಂದು ಕಾಲು ನೆಲದ ಮೇಲಿರಬೇಕು.

ಮನೆ ಖರ್ಚಿನ ಮಾತು

ಖರ್ಚಿನ ಲೆಕ್ಕದಲ್ಲಿ ಸರ್ಕಾರಿ ಕಾಲೇಜಿನ ಬಿಎ ಈಗಲೂ ಹಗುರ. ಹೆಣ್ಣುಮಕ್ಕಳಿಗೆ ಬೋಧನಾ ಶುಲ್ಕದ ವಿನಾಯಿತಿ ಇದೆ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಬಸ್ಸೂ ಫ್ರೀ. ಹಾನಗಲ್ಲ, ಹಿರೇಕೆರೂರ ಕಡೆಯ ಒಳಹಳ್ಳಿಗಳಿಂದ ಹುಡುಗಿಯರು ದಿನಾ ಓಡಾಡಿ ಓದೋದು ಇದರಿಂದ ಸಲೀಸಾಯಿತು. ಹುಡುಗರಿಗೆ ಮಾತ್ರ ಪಾಸ್ ದುಡ್ಡು ಇದ್ದೇ ಇದೆ. ವಿದ್ಯಾರ್ಥಿ ವೇತನಕ್ಕೆ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು, ಬ್ಯಾಂಕ್ ಖಾತೆಗೆ ಆಧಾರ್ ಜೋಡಣೆ ಆಗಿರಬೇಕು. ಇದೊಂದು ಜೋಡಣೆ ಆಗದೆ ದುಡ್ಡು ನಿಲ್ಲೋದು ಪ್ರತಿ ವರ್ಷದ ಗೋಳು. ಸರ್ಕಾರಿ ಶಾಲೆ, ಸರ್ಕಾರಿ ಪಿಯು ಕಾಲೇಜಿನಲ್ಲಿ ಓದಿದ ಹುಡುಗಿಯರಿಗೆ ಅಜೀಂ ಪ್ರೇಮ್‌ಜಿ ಫೌಂಡೇಶನ್ ವರ್ಷಕ್ಕೆ 30,000 ರೂಪಾಯಿ ಕೊಡುತ್ತದೆ. ಮೂರು ವರ್ಷಕ್ಕೆ 90,000. ಇದು ಗೊತ್ತಿಲ್ಲದೆ ಕೊನೇ ದಿನಾಂಕ ದಾಟಿಸೋರು ಇದ್ದಾರೆ.

ಪದವಿ ಆದ ಮೇಲಿನ ಯುವನಿಧಿ 3,000 ರೂಪಾಯಿಯನ್ನು ಯೋಜನೆಯ ಭಾಗ ಮಾಡಿಕೊಳ್ಳೋದು ಬೇಡ. ಪಾಸಾಗಿ ಆರು ತಿಂಗಳು ಕೆಲಸ ಸಿಗದಿದ್ದರೆ, ಹೆಚ್ಚೆಂದರೆ ಎರಡು ವರ್ಷ ಸಿಗೋ ದುಡ್ಡು ಅದು. ಧಾರವಾಡದ ಖಾನಾವಳಿಗೆ ಆಸರೆ ಆದೀತು, ದಾರಿ ಆಗಲ್ಲ.

ಪ್ರಯೋಗಾಲಯ ಊರಲ್ಲೇ ಇದೆ

ಸೈನ್ಸ್ ಹುಡುಗರಿಗೆ ಲ್ಯಾಬ್ ಬೇಕು. ರಾಜ್ಯಶಾಸ್ತ್ರದವರಿಗೆ ಗ್ರಾಮಸಭೆ ಸಾಕು. ಅಲ್ಲಿ ಹೋಗಿ ಒಂದು ಸಲ ಹಿಂದೆ ಕೂತು ನೋಡಿದರೆ 73ನೇ ತಿದ್ದುಪಡಿ ಪುಸ್ತಕದಲ್ಲಿ ಏನಿದೆ, ಊರಲ್ಲಿ ಏನಾಗಿದೆ ಗೊತ್ತಾಗುತ್ತದೆ. ಹತ್ತು ರೂಪಾಯಿಗೆ ಒಂದು ಆರ್‌ಟಿಐ ಅರ್ಜಿ, ಬಿಪಿಎಲ್‌ನವರಿಗೆ ಅದೂ ಬೇಡ. ಪಂಚಾಯ್ತಿಯ ಕ್ರಿಯಾಯೋಜನೆ ಪ್ರತಿ ಕೇಳಿ ತಂದು ಓದಿದ ಹುಡುಗಿಗೆ ಪಿಡಿಒ ಪರೀಕ್ಷೆಯ ಅರ್ಧ ಪಠ್ಯ ಬಾಯಿಗೆ ಬಂದಿರುತ್ತದೆ.

ತಮಾಷೆ ಅಂದರೆ, ಪಠ್ಯದಲ್ಲಿ 'ಮೂರು ಹಂತದ ಪಂಚಾಯತ್ ವ್ಯವಸ್ಥೆ, ಐದು ವರ್ಷಕ್ಕೊಮ್ಮೆ ಚುನಾವಣೆ' ಅಂತ ಬರೆದು ಅಂಕ ತಗೊಳ್ಳೋ ಹುಡುಗರ ರಾಜ್ಯದಲ್ಲಿ ಜಿಲ್ಲಾ, ತಾಲೂಕು ಪಂಚಾಯ್ತಿಗೆ ಕೊನೆಯದಾಗಿ ಚುನಾವಣೆ ಆದದ್ದು 2016ರಲ್ಲಿ. 2021ರಲ್ಲಿ ಅವಧಿ ಮುಗಿದ ಮೇಲೆ ಅಲ್ಲಿ ಕೂತವರು ಆಡಳಿತಾಧಿಕಾರಿಗಳು. ಕ್ಷೇತ್ರ ಮರುವಿಂಗಡಣೆ, ಮೀಸಲಾತಿ ಪಟ್ಟಿ, ಕೋರ್ಟು ಅಂತ ವರ್ಷಗಳು ಉರುಳಿದವು. ಇದು ಯಾಕೆ ಹೀಗಾಯ್ತು ಅಂತ ಒಂದು ಪ್ರಬಂಧ ಬರೆಯಲು ಕೂತರೆ ಸಂವಿಧಾನದ 243ನೇ ವಿಧಿಯಿಂದ ಹಿಡಿದು ಶಾಸಕರ ಆಸಕ್ತಿಯವರೆಗೆ ಎಲ್ಲ ಬರಬೇಕಾಗುತ್ತದೆ.

ಅಂಗಡಿಯವರಿಗೆ ಇದರಿಂದ ಏನು ಅನ್ನೋರು 2025ರ ಜುಲೈ ನೆನಪು ಮಾಡಿಕೊಳ್ಳಬಹುದು. ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕೊಟ್ಟಾಗ ಬೇಕರಿ, ಕಾಂಡಿಮೆಂಟ್ಸ್, ತರಕಾರಿ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು 'ಕ್ಯಾಶ್ ಮಾತ್ರ' ಬೋರ್ಡ್ ಬಿದ್ದವು. ಸರಕಿಗೆ ವರ್ಷಕ್ಕೆ 40 ಲಕ್ಷ, ಸೇವೆಗೆ 20 ಲಕ್ಷದ ಮಿತಿ ಎಲ್ಲಿಂದ ಬಂತು, ಹಾಲು, ತರಕಾರಿಗೆ ತೆರಿಗೆ ಇಲ್ಲದಿದ್ದರೂ ನೋಟಿಸ್ ಹೇಗೆ, ಜಿಎಸ್‌ಟಿ ಕೌನ್ಸಿಲ್ ಯಾರದ್ದು, ಇದರಲ್ಲಿ ದೆಹಲಿಯ ಪಾತ್ರ ಎಷ್ಟು ಬೆಂಗಳೂರಿನದ್ದೆಷ್ಟು ಅಂತ ಎರಡೂ ಕಡೆಯವರು ಬೈದಾಡಿಕೊಂಡರು. ಗಲ್ಲೆ ಮೇಲೆ ಕೂತವರಿಗೆ ಯಾರ ಮಾತು ಸರಿ ಅಂತ ಗೊತ್ತಾಗಲಿಲ್ಲ. ಒಕ್ಕೂಟ ವ್ಯವಸ್ಥೆ ಅನ್ನೋ ಪಾಠ ಇದೇ. ಅದನ್ನು ಓದಿದ ಮಗ ಮನೆಯಲ್ಲಿದ್ದರೆ ನೋಟಿಸ್ ಹಿಡಿದು ಇಲಾಖೆಗೆ ಹೋಗುವ ಮೊದಲು ಏನು ಕೇಳಬೇಕು ಅನ್ನೋದಾದರೂ ಗೊತ್ತಿರುತ್ತದೆ.

ಈ ಸಲ ಅರ್ಜಿ ತುಂಬಲು ಹೋಗೋರು ಪ್ರಿಂಟ್ ತೆಗೆಸುವ ಮುಂಚೆ ಕಾಂಬಿನೇಶನ್ ಕಾಲಂ ಒಮ್ಮೆ ತಾವೇ ಓದಬೇಕು. ತಪ್ಪು ಬಿದ್ದಿದ್ದರೆ ಕಾಲೇಜಿನಲ್ಲಿ ಸೀಟು ಖಾಲಿ ಇರುವಾಗ, ಪ್ರವೇಶದ ದಿನಾಂಕ ಮುಗಿಯುವುದರೊಳಗೆ ಪ್ರಾಂಶುಪಾಲರ ಬಳಿ ಹೋಗಿ ಬದಲಿಸಿಕೊಳ್ಳಲು ಕೇಳಬಹುದು. ಮೊದಲ ಸೆಮಿಸ್ಟರ್ ಪರೀಕ್ಷೆಗೆ ಫೀ ಕಟ್ಟಿದ ಮೇಲೆ ಹೋದರೆ ಹೆಚ್ಚಾಗಿ ಸಿಗೋ ಉತ್ತರ 'ಈಗ ಆಗಲ್ಲಪಾ' ಅಂತ.